ಮೂಗಿನಿಂದ ಮಿದುಳಿನ ನೀರು ಸೋರಿದರೆ: ಕಾಯುವುದಾ, ಮೂಗಿನ ದಾರಿಯಾ, ತಲೆಬುರುಡೆ ತೆರೆಯುವುದಾ?

ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟತೊಟ ಬೀಳುತ್ತದೆ. ಸಿಂಬಳದ ಅಂಟು ಇಲ್ಲ. ಕರ್ಚೀಫಿನಲ್ಲಿ ಒಣಗಿದ ಮೇಲೂ ಬಟ್ಟೆ ಗರಿಗರಿ ಆಗುವುದಿಲ್ಲ. ಗಂಟಲಿಗೆ ಇಳಿದರೆ ಉಪ್ಪುಪ್ಪು ರುಚಿ. ಎಷ್ಟೋ ಜನ ಇದನ್ನು ಅಲರ್ಜಿ ನೆಗಡಿ ಅಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಾ ಇರುತ್ತಾರೆ.

ಅದು ಮಿದುಳಿನ ಸುತ್ತ ಇರುವ ನೀರೂ ಆಗಿರಬಹುದು. ಡಾಕ್ಟರುಗಳು ಅದನ್ನು ಸಿಎಸ್‌ಎಫ್ ಅನ್ನುತ್ತಾರೆ. ದೊಡ್ಡವರಲ್ಲಿ ಯಾವ ಹೊತ್ತಿಗೂ ಸುಮಾರು 150 ಮಿಲಿ ಇರುತ್ತದೆ, ದಿನಕ್ಕೆ ಸುಮಾರು 500 ಮಿಲಿ ಹೊಸದಾಗಿ ತಯಾರಾಗುತ್ತದೆ. ಹಾಗಾಗಿ ನೀರು ಖಾಲಿಯಾಗಿಬಿಡುತ್ತದೆ ಅಂತ ಹೆದರಬೇಕಿಲ್ಲ. ಹೆದರಬೇಕಾದದ್ದು ಇನ್ನೊಂದಕ್ಕೆ. ನೀರು ಕೆಳಗೆ ಬರುವ ದಾರಿಯಲ್ಲೇ ಮೂಗಿನ ಕ್ರಿಮಿ ಮೇಲೆ ಹೋಗಬಹುದು. ಹೋದರೆ ಮೆನಿಂಜೈಟಿಸ್, ಅಂದರೆ ಮಿದುಳಿನ ಹೊದಿಕೆಗೆ ಸೋಂಕು. ರಂಧ್ರ ಚಿಕ್ಕದು, ದಿನಕ್ಕೆ ನಾಲ್ಕು ಹನಿ ಅಷ್ಟೇ ಅಂತ ಸುಮ್ಮನಿರಲು ಆಗದಿರುವುದು ಇದಕ್ಕೇ.

ಈ ಕಾಯಿಲೆಯವರು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಎರಡು ಮೂರು ಸಲಹೆಗಳ ನಡುವೆ. ಒಬ್ಬರು ಮಲಗಿದ್ದರೆ ತಾನೇ ನಿಲ್ಲುತ್ತದೆ ಅನ್ನುತ್ತಾರೆ. ಇಎನ್‌ಟಿ ಡಾಕ್ಟರು ಮೂಗಿನಿಂದಲೇ ಮುಚ್ಚೋಣ ಅನ್ನುತ್ತಾರೆ. ನ್ಯೂರೋಸರ್ಜನ್ ಒಬ್ಬರು ತಲೆಯ ಮೇಲಿನಿಂದ ಹೋಗಬೇಕು ಅನ್ನಬಹುದು. ಮೂವರೂ ಸರಿ ಇರಬಹುದು, ಆದರೆ ಬೇರೆ ಬೇರೆ ರೋಗಿಗಳಿಗೆ. ನಿಮಗೆ ಯಾವುದು ಸರಿ ಅನ್ನುವುದು ಮೊದಲು ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಸೋರಿಕೆ ಯಾಕೆ ಶುರುವಾಯಿತು?

ಮೊದಲು ಖಾತ್ರಿಯಾಗಲಿ

ಸೋರುವುದು ಸಿಎಸ್‌ಎಫ್ ಹೌದೇ ಅಲ್ಲವೇ ಅಂತ ಹೇಳುವ ಒಳ್ಳೆಯ ಪರೀಕ್ಷೆ ಬೀಟಾ-2 ಟ್ರಾನ್ಸ್‌ಫೆರಿನ್. ಈ ಪ್ರೋಟೀನು ಸಿಂಬಳದಲ್ಲಾಗಲಿ ಕಣ್ಣೀರಿನಲ್ಲಾಗಲಿ ಇರುವುದಿಲ್ಲ. ಸ್ವಲ್ಪ ದ್ರವ ಹಿಡಿದು ಕೊಟ್ಟರೆ ಸಾಕು, ಸೂಜಿ ಚುಚ್ಚಬೇಕಿಲ್ಲ. ಎಲ್ಲ ಊರಿನ ಲ್ಯಾಬುಗಳಲ್ಲೂ ಇದು ಆಗುವುದಿಲ್ಲ, ಸ್ಯಾಂಪಲ್ ಹೊರಗೆ ಕಳಿಸಬೇಕಾಗಬಹುದು. ಕಾಯಲು ಬೇಜಾರು ಅಂತ ಮನೆಯ ಶುಗರ್ ಮೀಟರಿನಲ್ಲಿ ನೋಡಿ ತೀರ್ಮಾನಕ್ಕೆ ಬರಬೇಡಿ. ಕಣ್ಣೀರಿನಲ್ಲೂ ಸಕ್ಕರೆ ಅಂಶ ಇರುತ್ತದೆ, ರಕ್ತ ಬೆರೆತಿದ್ದರಂತೂ ಫಲಿತಾಂಶಕ್ಕೆ ಅರ್ಥವೇ ಇಲ್ಲ.

ಆಮೇಲೆ ಎಲ್ಲಿಂದ ಅನ್ನುವುದು. ತಾರಸಿ ಸೋರುವಾಗ ಒಳಗೆ ಹನಿ ಬೀಳುವ ಜಾಗ ಒಂದು, ಮೇಲೆ ಬಿರುಕು ಬಿಟ್ಟ ಜಾಗ ಇನ್ನೊಂದು. ಇಲ್ಲೂ ಹಾಗೇ. ಬಲ ಹೊಳ್ಳೆಯಲ್ಲಿ ನೀರು ಬಂದರೂ ತೂತು ಎಡಗಡೆ ಇರಬಹುದು. ಕಿವಿಯ ಹಿಂದಿನ ಮೂಳೆಯಲ್ಲಿ ಬಿರುಕು ಬಿಟ್ಟು, ನೀರು ಕಿವಿಯ ಒಳನಾಳದ ಮೂಲಕ ಮೂಗಿಗೆ ಇಳಿಯುವುದೂ ಉಂಟು. ತೆಳು ಸ್ಲೈಸಿನ ಸಿಟಿ ಸ್ಕ್ಯಾನ್ ಮೂಳೆಯ ತೂತನ್ನು ಚೆನ್ನಾಗಿ ತೋರಿಸುತ್ತದೆ. ಎಂಆರ್‌ಐ ತೋರಿಸುವುದು ನೀರಿನ ದಾರಿಯನ್ನು, ಆ ತೂತಿನಿಂದ ಮಿದುಳಿನ ತುಣುಕೇನಾದರೂ ಕೆಳಗೆ ಜಾರಿದೆಯೇ ಅನ್ನುವುದನ್ನು. ಅಪಘಾತವಾದವರಿಗೆ ಕೆಲವೊಮ್ಮೆ ಸಿಟಿ ಒಂದೇ ಸಾಕಾಗುತ್ತದೆ. ಕಾರಣವಿಲ್ಲದೆ ಶುರುವಾದ ಸೋರಿಕೆಗೆ ಎರಡೂ ಬೇಕು, ಇದರಲ್ಲಿ ಹಣ ಉಳಿಸಲು ಹೋಗಬೇಡಿ. ಬೆನ್ನಿಗೆ ಸೂಜಿ ಹಾಕಿ ಬಣ್ಣದ ಔಷಧ ಬಿಟ್ಟು ಮಾಡುವ ಸಿಟಿ ಸಿಸ್ಟರ್ನೋಗ್ರಾಮ್ ಇನ್ನೊಂದಿದೆ. ಮೊದಲ ಎರಡರಲ್ಲೂ ಜಾಗ ಸಿಗದಿದ್ದರೆ ಅದು ಬೇಕಾಗುತ್ತದೆ. ಆದರೆ ಆ ಹೊತ್ತಿನಲ್ಲಿ ನೀರು ಸೋರುತ್ತಾ ಇದ್ದರೆ ಮಾತ್ರ ಅದಕ್ಕೆ ಬೆಲೆ.

ಕಾಯಬಹುದಾದವರು, ಕಾಯಬಾರದವರು

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಲ್ಲಿ ಸೋರಿಕೆ ಹೆಚ್ಚಾಗಿ ಮೊದಲ ಎರಡು ದಿನಗಳಲ್ಲೇ ಕಾಣಿಸಿಕೊಳ್ಳುತ್ತದೆ. ಇವರಿಗೆ ಕಾಯುವುದು ನಿಜವಾದ ಆಯ್ಕೆ. ತಲೆಯ ಭಾಗವನ್ನು ಸುಮಾರು 30 ಡಿಗ್ರಿ ಎತ್ತರಿಸಿ ಮಲಗಿಸುತ್ತಾರೆ. ತಿಣುಕದಂತೆ ಮಲ ಸಡಿಲವಾಗುವ ಔಷಧ ಕೊಡುತ್ತಾರೆ. ಮೂಗು ಸೀನಿ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಇಷ್ಟರಲ್ಲೇ ಬಹಳ ಜನರಿಗೆ 7ರಿಂದ 10 ದಿನಗಳೊಳಗೆ ನಿಂತುಹೋಗುತ್ತದೆ.

ನಿಲ್ಲದಿದ್ದರೆ ಕೆಲವು ಕಡೆ ಬೆನ್ನಿನ ಕೆಳಭಾಗದಲ್ಲಿ ಸಣ್ಣ ಟ್ಯೂಬು ಹಾಕಿ ಗಂಟೆಗೆ 5ರಿಂದ 10 ಮಿಲಿ ನೀರು ಹೊರಬಿಡುತ್ತಾರೆ. ಇದನ್ನು ಲಂಬಾರ್ ಡ್ರೇನ್ ಅನ್ನುತ್ತಾರೆ. ಒತ್ತಡ ಇಳಿದರೆ ತೂತು ಕೂಡಿಕೊಳ್ಳಲು ಅವಕಾಶ ಸಿಗುತ್ತದೆ. ಅಪಘಾತದ ಸೋರಿಕೆಯಲ್ಲಿ ಇದು ಕೆಲಸ ಮಾಡುತ್ತದೆ, ಆದರೆ ಸಲೀಸಾದ ಕೆಲಸವಲ್ಲ. ದಿನವಿಡೀ ಮಲಗಿರಬೇಕು, ತಲೆನೋವು ಬರುತ್ತದೆ, ಟ್ಯೂಬಿನಿಂದಲೇ ಸೋಂಕು ಹತ್ತಬಹುದು. ಜಾಸ್ತಿ ನೀರು ಹರಿದುಹೋದರೆ ಮೂಗಿನ ಗಾಳಿ ತಲೆಬುರುಡೆಯೊಳಗೆ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಇರುವವರು ಅಪ್ಪನನ್ನು ಸ್ವಲ್ಪ ಎಬ್ಬಿಸಿ ಕೂರಿಸೋಣ ಅಂತ ನರ್ಸಿಗೆ ಹೇಳದೆ ಮಂಚ ಎತ್ತಬಾರದು. ಟ್ಯೂಬಿನ ಎತ್ತರವನ್ನು ಮಲಗಿದ ಲೆಕ್ಕಕ್ಕೆ ಹೊಂದಿಸಿರುತ್ತಾರೆ.

ಈ ಅವಧಿಯಲ್ಲಿ ಸುಮ್ನೆ ಮುಂಜಾಗ್ರತೆಗೆ ಆಂಟಿಬಯೋಟಿಕ್ ಕೊಟ್ಟರೆ ಮೆನಿಂಜೈಟಿಸ್ ತಪ್ಪುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಕೊಡಲಿಲ್ಲ ಅಂತ ಡಾಕ್ಟರ ಮೇಲೆ ಕೋಪ ಮಾಡಿಕೊಳ್ಳಬೇಡಿ.

ಕಾಯಬಾರದವರು ಬೇರೆ. ಒಮ್ಮೆ ಮೆನಿಂಜೈಟಿಸ್ ಆದವರು, ದೊಡ್ಡ ತೂತಿನಿಂದ ಮಿದುಳಿನ ತುಣುಕು ಜಾರಿರುವವರು, ಸ್ಕ್ಯಾನಿನಲ್ಲಿ ತಲೆಯೊಳಗೆ ಗಾಳಿ ಹೆಚ್ಚುತ್ತಾ ಹೋಗುತ್ತಿರುವವರು. ಸೈನಸ್ ಆಪರೇಷನ್ ನಡೆಯುವಾಗಲೇ ಸೋರಿಕೆ ಕಂಡರೆ ಅಲ್ಲೇ, ಅದೇ ಹೊತ್ತಿಗೆ ಮುಚ್ಚಿಬಿಡುವುದು ಒಳ್ಳೆಯದು.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಇರುವುದು ಇನ್ನೊಂದು ಗುಂಪಿನ ಬಗ್ಗೆ. ಪೆಟ್ಟಿಲ್ಲ, ಆಪರೇಷನ್ ಆಗಿಲ್ಲ, ತಾನೇ ತಾನಾಗಿ ಸೋರಲು ಶುರುವಾದವರು. ಇವರಲ್ಲಿ ಸೋರಿಕೆ ಕೆಲವು ವಾರ ನಿಂತು ಮತ್ತೆ ಬರುತ್ತದೆ. ನಿಂತಾಗ ಮನೆಯವರೆಲ್ಲ ವಾಸಿಯಾಯಿತು ಅಂತ ನಿಟ್ಟುಸಿರು ಬಿಡುತ್ತಾರೆ. ವಾಸಿಯಾಗಿರುವುದಿಲ್ಲ. ತೂತು ಅಲ್ಲೇ ಇರುತ್ತದೆ, ಕ್ರಿಮಿಗೆ ದಾರಿಯೂ ಹಾಗೇ ಇರುತ್ತದೆ. ಈ ಗುಂಪಿನವರಿಗೆ ಕಾಯುವುದನ್ನು ಆಯ್ಕೆಗಳ ಪಟ್ಟಿಯಿಂದಲೇ ತೆಗೆದುಹಾಕಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೂಗಿನ ದಾರಿ, ತಲೆಯ ದಾರಿ

ಮೊದಲು ಇದ್ದದ್ದು ತಲೆಯ ದಾರಿಯೇ. 1926ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಹಣೆಯ ಮೇಲಿನ ಬುರುಡೆ ತೆರೆದು ತೊಡೆಯ ಪೊರೆಯ ತುಂಡಿನಿಂದ ಇಂಥ ತೂತು ಮುಚ್ಚಿದರು. 1948ರಲ್ಲಿ ಸ್ವೀಡನ್ನಿನ ಡೋಲ್ಮನ್ ಬುರುಡೆ ತೆರೆಯದೆ, ಮೂಗು ಮತ್ತು ಕಣ್ಣಿನ ನಡುವೆ ಕುಯ್ದು ಅಲ್ಲಿಂದ ಹೋದರು. 1981ರಲ್ಲಿ ಜರ್ಮನಿಯ ವಿಗಾಂಡ್ ಎಂಡೋಸ್ಕೋಪ್ (ದೇಹದ ಒಳಗೆ ನೋಡುವ ತೆಳು ನಳಿಗೆ) ಹಿಡಿದು ಮೂಗಿನ ಹೊಳ್ಳೆಯಿಂದಲೇ ಮುಚ್ಚಿದ್ದನ್ನು ವರದಿ ಮಾಡಿದರು. ಮುಖದ ಮೇಲೆ ಒಂದು ಗೀರೂ ಇಲ್ಲ. ಆಮೇಲಿನ ವರ್ಷಗಳಲ್ಲಿ ಈ ದಾರಿಯೇ ಮೊದಲ ಆಯ್ಕೆಯಾಯಿತು.

ಯಾಕೆ ಅಂತ ಅಂಕಿ ನೋಡಿದರೆ ತಿಳಿಯುತ್ತದೆ. 2000ದಲ್ಲಿ ಹಲವು ವರದಿಗಳನ್ನು ಒಟ್ಟು ಮಾಡಿ ನೋಡಿದಾಗ, ಎಂಡೋಸ್ಕೋಪಿಯಲ್ಲಿ ಮೊದಲ ಪ್ರಯತ್ನಕ್ಕೇ ಸುಮಾರು 90 ಶೇಕಡ ಸೋರಿಕೆ ನಿಂತಿತ್ತು. ಉಳಿದವರಿಗೆ ಮತ್ತೊಮ್ಮೆ ಮಾಡಿದ ಮೇಲೆ 97 ಶೇಕಡ. ಬುರುಡೆ ತೆರೆದು ಮಾಡಿದ ಹಳೆಯ ವರದಿಗಳಲ್ಲಿ ಹೆಚ್ಚಾಗಿ ಕಾಣುವ ಸಂಖ್ಯೆ 60ರಿಂದ 80. ಈ ಎರಡನ್ನೂ ನೇರವಾಗಿ ಪಕ್ಕಪಕ್ಕ ಇಡುವುದು ಪೂರ್ತಿ ನ್ಯಾಯವಲ್ಲ. ದೊಡ್ಡ, ಕಷ್ಟದ ಗಾಯಗಳು ತಲೆಯ ದಾರಿಗೇ ಹೋಗುತ್ತಿದ್ದವು. ಆದರೂ ಒಂಟಿ, ಸಣ್ಣ ತೂತಿಗೆ ಬುರುಡೆ ತೆರೆಯುವುದನ್ನು ಇವತ್ತು ಸಮರ್ಥಿಸುವುದು ಕಷ್ಟ.

ವಾಸನೆಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಆಪರೇಷನ್ನಿಗೆ ಮೊದಲು ಇದರ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ. ವಾಸನೆಯ ನರಗಳು ಕೂದಲೆಳೆಯಂತೆ ಸಣ್ಣವು. ಮೂಗಿನ ಚಾವಣಿಯಲ್ಲಿ ತೂತುತೂತಾದ ತೆಳು ಮೂಳೆಯೊಂದಿದೆ, ಅದರ ಮೂಲಕ ಅವು ಮೇಲೆ ಹೋಗುತ್ತವೆ. ಬುರುಡೆ ತೆರೆದು ಮಿದುಳಿನ ಮುಂಭಾಗವನ್ನು ಎತ್ತಿ ಹಿಡಿದಾಗ ಅವು ಹರಿದುಹೋಗುವುದು ಸಾಮಾನ್ಯ. ಹರಿದರೆ ಎರಡೂ ಕಡೆಯ ವಾಸನೆ ಶಾಶ್ವತವಾಗಿ ಹೋಗಬಹುದು. ಅಡುಗೆ ಮಾಡುವವರಿಗೆ ಇದು ಸಣ್ಣ ನಷ್ಟವಲ್ಲ. ಒಗ್ಗರಣೆ ಸೀದದ್ದು, ಹಾಲು ಉಕ್ಕಿ ಗ್ಯಾಸ್ ಆರಿದ್ದು, ಸಾರು ಹಳಸಿದ್ದು, ಯಾವುದೂ ಗೊತ್ತಾಗುವುದಿಲ್ಲ. ಮೂಗಿನ ದಾರಿಯಲ್ಲಿ ಈ ಅಪಾಯ ಬಹಳ ಕಡಿಮೆ, ಆದರೆ ಸೊನ್ನೆಯಲ್ಲ. ತೂತು ಆ ತೆಳು ಮೂಳೆಯಲ್ಲೇ ಇದ್ದರೆ ಸುತ್ತಲಿನ ಒಳಪೊರೆಯನ್ನು ಕೆರೆದು ತೆಗೆಯಲೇಬೇಕು. ಆ ಕಡೆಯ ವಾಸನೆ ಕುಂದಬಹುದು. ನಿಮ್ಮ ತೂತು ಅಲ್ಲೇ ಇದೆಯೇ ಅಂತ ಕೇಳಿ ತಿಳಿದುಕೊಳ್ಳಿ.

ತಲೆಯ ದಾರಿಯಲ್ಲಿ ಆಸ್ಪತ್ರೆ ವಾಸ ಜಾಸ್ತಿ. ಫಿಟ್ಸ್, ಮಿದುಳಿನ ಬಾವು, ರಕ್ತಸ್ರಾವದ ಅಪಾಯ ಜಾಸ್ತಿ. ಹಾಗಿದ್ದರೂ ಅದೇ ಸರಿಯಾಗುವ ಸಂದರ್ಭಗಳಿವೆ. ಅಪಘಾತದಲ್ಲಿ ಮುಂಬುರುಡೆ ಪುಡಿಯಾಗಿ, ರಕ್ತ ಹೆಪ್ಪುಗಟ್ಟಿದ್ದನ್ನು ತೆಗೆಯಲು ಹೇಗೂ ತೆರೆಯಬೇಕಾಗಿದ್ದರೆ, ಅದೇ ಸಲಕ್ಕೆ ಸೋರಿಕೆಯನ್ನೂ ಮುಚ್ಚುವುದು ಜಾಣತನ. ಹಣೆಯೊಳಗಿನ ಸೈನಸ್ಸಿನ ಹಿಂಗೋಡೆಯಲ್ಲಿ, ತುಂಬಾ ಮೇಲಕ್ಕೆ ಅಥವಾ ಪಕ್ಕಕ್ಕೆ ತೂತಿದ್ದರೆ ಮೂಗಿನಿಂದ ಉಪಕರಣ ಅಲ್ಲಿಗೆ ಮುಟ್ಟುವುದೇ ಇಲ್ಲ. ಆಗ ಹಣೆಯ ಮೇಲಿನಿಂದ ಸಣ್ಣ ಕಿಂಡಿ ಮಾಡಿ ಹೋಗುವ ಮಧ್ಯದ ದಾರಿಯೂ ಇದೆ, ಕೇಳಿ ನೋಡಿ. ಹಲವು ಕಡೆ ಬಿರುಕಿದ್ದವರಿಗೆ, ಎಂಡೋಸ್ಕೋಪಿ ಮತ್ತೆ ಮತ್ತೆ ಸೋತವರಿಗೆ ಕೂಡ ತಲೆಯ ದಾರಿ ಉಳಿಯುತ್ತದೆ.

ಮೂಗಿನ ದಾರಿಯಲ್ಲೂ ಎಲ್ಲ ಜಾಗ ಒಂದೇ ಅಲ್ಲ. ಸ್ಫೀನಾಯ್ಡ್ ಅನ್ನುವ ಹಿಂದಿನ ಸೈನಸ್ಸಿನ ಪಕ್ಕದ ಮೂಲೆಗೆ ಹೋಗಬೇಕಾದರೆ ಕೆನ್ನೆಯ ಸೈನಸ್ಸಿನ ಹಿಂಗೋಡೆ ತೆಗೆದು ದಾರಿ ಮಾಡಿಕೊಳ್ಳಬೇಕು. ಅಲ್ಲಿ ರಕ್ತನಾಳಗಳು, ನರಗಳು ಒತ್ತೊತ್ತಾಗಿವೆ. ಆಮೇಲೆ ಅಂಗುಳ ಜೋಮು ಹಿಡಿದಂತಾಗಬಹುದು, ಆ ಕಡೆಯ ಕಣ್ಣು ಒಣಗಬಹುದು. ಸೈನಸ್ ಆಪರೇಷನ್ ಚೆನ್ನಾಗಿ ಮಾಡುವವರೆಲ್ಲರೂ ಈ ಮೂಲೆಗೆ ಹೋದವರಲ್ಲ. ತೂತು ಇಲ್ಲಿದ್ದರೆ ಊರು ಬಿಟ್ಟು ಹೋಗಿಯಾದರೂ ಇದನ್ನು ಮೊದಲೇ ಮಾಡಿರುವವರನ್ನು ಹುಡುಕಿ.

ಯಾವುದರಿಂದ ಮುಚ್ಚುತ್ತಾರೆ

ತೊಡೆಯ ಪೊರೆ, ಹೊಟ್ಟೆಯ ಅಥವಾ ಕಿವಿಹಾಲೆಯ ಕೊಬ್ಬು, ಮೂಗಿನ ನಡುಗೋಡೆಯ ಮೂಳೆ, ಮೂಗಿನದೇ ಒಳಪೊರೆ, ಅಂಗಡಿಯಲ್ಲಿ ಸಿಗುವ ಕೊಲಾಜೆನ್ ಹಾಳೆ. ಮೇಲೆ ಫೈಬ್ರಿನ್ ಅಂಟು. ಇದರಲ್ಲಿ ಯಾವುದು ಶ್ರೇಷ್ಠ ಅಂತ ರೋಗಿಗಳು ತಲೆಕೆಡಿಸಿಕೊಳ್ಳುವುದು ಬೇಡ. ಸಣ್ಣ ತೂತಿಗೆ ಯಾವುದು ಹಾಕಿದರೂ ಫಲ ಹೆಚ್ಚು ಕಡಿಮೆ ಒಂದೇ. ಅಂಚನ್ನು ಸರಿಯಾಗಿ ಕೆರೆದು, ಮೂಳೆ ಬರಿದಾಗಿಸಿ ಕೂರಿಸಿದರೋ ಇಲ್ಲವೋ ಅನ್ನುವುದೇ ಮುಖ್ಯ. ದುಬಾರಿ ಹಾಳೆ, ದುಬಾರಿ ಅಂಟು ಬಿಲ್ಲಿನಲ್ಲಿ ಕಂಡರೆ ನನ್ನ ತೂತಿನ ಅಳತೆಗೆ ಇದು ಬೇಕೇ ಅಂತ ಧೈರ್ಯವಾಗಿ ಕೇಳಬಹುದು.

ದೊಡ್ಡ ತೂತಿನ ಮಾತು ಬೇರೆ. ಸುಮ್ಮನೆ ಕತ್ತರಿಸಿ ತಂದಿಟ್ಟ ತುಂಡು ಅಲ್ಲಿ ಬದುಕಿ ಉಳಿಯುವುದು ಕಷ್ಟ. ಅರ್ಜೆಂಟೀನಾದ ಹದಾದ್ ಮತ್ತು ಬಸ್ಸಗಸ್ತೆಗಿ ರೂಪಿಸಿ, 2006ರಲ್ಲಿ ಪ್ರಕಟವಾದ ವಿಧಾನದಲ್ಲಿ ಮೂಗಿನ ನಡುಗೋಡೆಯ ಪೊರೆಯನ್ನು ಅದರ ರಕ್ತನಾಳದ ಸಮೇತ ಬಿಡಿಸಿ, ತಿರುಗಿಸಿ ತೂತಿನ ಮೇಲೆ ಹಾಸುತ್ತಾರೆ. ರಕ್ತ ಹರಿಯುತ್ತಾ ಇರುವುದರಿಂದ ಬೇಗ ಹಿಡಿಯುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗಡ್ಡೆಯಂಥ ದೊಡ್ಡ ಆಪರೇಷನ್ನುಗಳ ನಂತರದ ಸೋರಿಕೆ ಇದರಿಂದ ಬಹಳ ಕಡಿಮೆಯಾಯಿತು. ಬೆಲೆಯೂ ಇದೆ. ಪೊರೆ ತೆಗೆದ ಜಾಗದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಕ್ಕಳೆ ಕಟ್ಟುತ್ತದೆ. ನಾಲ್ಕು ಮಿಲಿಮೀಟರಿನ ಒಂಟಿ ತೂತಿಗೆ ಇಷ್ಟು ಬೇಕಾಗುವುದು ಅಪರೂಪ.

ಆಪರೇಷನ್ ಜೊತೆಗೆ ಲಂಬಾರ್ ಡ್ರೇನ್ ಎಲ್ಲರಿಗೂ ಹಾಕುವ ಅಭ್ಯಾಸ ಕಡಿಮೆಯಾಗುತ್ತಿದೆ. ದೊಡ್ಡ ತೂತುಗಳಿಗೆ ಅದರಿಂದ ಲಾಭ ಇದೆ ಅಂತ 2019ರ ಒಂದು ಒಳ್ಳೆಯ ಅಧ್ಯಯನ ತೋರಿಸಿತು. ಸಣ್ಣದಕ್ಕೆ ಅಂಥ ಲಾಭ ಕಂಡಿಲ್ಲ. ಬೆನ್ನಿನಿಂದ ಫ್ಲೋರೆಸೀನ್ ಬಿಟ್ಟು ಸೋರುವ ನೀರಿಗೆ ಹಸಿರು ಹಳದಿ ಬಣ್ಣ ಬರಿಸುವುದು ಕಷ್ಟದ ಜಾಗ ಹುಡುಕಲು ತುಂಬಾ ಸಹಾಯ ಮಾಡುತ್ತದೆ. ಆದರೆ ಪ್ರಮಾಣ ಜಾಸ್ತಿಯಾದರೆ ಫಿಟ್ಸ್ ಬಂದದ್ದಿದೆ. ಬಹಳ ತೆಳುಮಾಡಿ, ನಿಧಾನವಾಗಿ ಕೊಡಬೇಕು, ಸಹಿ ಹಾಕುವ ಮೊದಲು ಇದನ್ನು ವಿವರಿಸಿರಬೇಕು.

ಒತ್ತಡವೇ ಕಾರಣವಾದಾಗ

ತಾನೇ ಶುರುವಾಗುವ ಸೋರಿಕೆ ಹೆಚ್ಚಾಗಿ ಕಾಣುವುದು ನಡುವಯಸ್ಸಿನ, ತೂಕ ಜಾಸ್ತಿ ಇರುವ ಹೆಂಗಸರಲ್ಲಿ. ಇವರಲ್ಲಿ ಬಹಳ ಜನರಿಗೆ ತಲೆಯೊಳಗಿನ ಒತ್ತಡವೇ ಹೆಚ್ಚಿರುತ್ತದೆ. ವರ್ಷಗಟ್ಟಲೆ ಆ ಒತ್ತಡಕ್ಕೆ ಮೂಳೆ ಸವೆದು ತೂತಾಗುತ್ತದೆ. ಮೊದಲಿನಿಂದ ತಲೆನೋವು, ಕಿವಿಯಲ್ಲಿ ನಾಡಿ ಬಡಿದಂಥ ಸದ್ದು, ಕಣ್ಣು ಮಂಜಾಗುವುದು ಇತ್ತೇ ಅಂತ ನೆನಪು ಮಾಡಿಕೊಳ್ಳಿ. ಎಂಆರ್‌ಐ ವರದಿಯಲ್ಲಿ ಎಂಪ್ಟಿ ಸೆಲ್ಲಾ (ಪಿಟ್ಯುಟರಿ ಕೂರುವ ಗುಳಿ ಖಾಲಿಯಾದಂತೆ ಕಾಣುವುದು) ಅಂತ ಬರೆದಿದ್ದರೆ ಅದು ಈ ಒತ್ತಡದ ಸುಳಿವು. ಎಷ್ಟೋ ಸಲ ಆ ಸಾಲನ್ನು ಯಾರೂ ಓದುವುದೇ ಇಲ್ಲ.

ಇನ್ನೊಂದು ವಿಚಿತ್ರ. ನೀರು ಸೋರುತ್ತಿರುವಾಗ ಒತ್ತಡ ತಾನಾಗಿ ಇಳಿದಿರುತ್ತದೆ, ಅಳೆದರೂ ಸರಿಯಾಗೇ ಕಾಣಬಹುದು. ತೂತು ಮುಚ್ಚಿದ ಮೇಲೆ ಅದು ಮತ್ತೆ ಏರುತ್ತದೆ. ಆಪರೇಷನ್ ಚೆನ್ನಾಗಿ ಆಗಿದೆ, ಆದರೂ ಕೆಲವು ವಾರ ಬಿಟ್ಟು ತಲೆನೋವು ಹೆಚ್ಚಿದೆ ಅಂದರೆ ಇದೇ ಇರಬಹುದು. ಈ ಒತ್ತಡ ಹಾಗೇ ಉಳಿದರೆ ಮುಚ್ಚಿದ ಜಾಗ ಮತ್ತೆ ಬಿಟ್ಟುಕೊಳ್ಳಬಹುದು, ಇಲ್ಲವೇ ಇನ್ನೊಂದು ಕಡೆ ಹೊಸ ತೂತಾಗಬಹುದು. ಕಣ್ಣಿನ ನರಕ್ಕೂ ಪೆಟ್ಟು.

ಹಾಗಾಗಿ ಈ ಗುಂಪಿನವರು ತೂತು ಮುಚ್ಚುವವರನ್ನು ಮಾತ್ರ ನೋಡಿದರೆ ಸಾಲದು. ಆಮೇಲೆ ಒತ್ತಡ ಅಳೆಯುವವರು ಯಾರು, ಕಣ್ಣಿನ ಪರೀಕ್ಷೆ ಯಾವಾಗ ಅನ್ನುವುದು ಮೊದಲೇ ನಿಶ್ಚಯವಾಗಿರಬೇಕು. ಒತ್ತಡ ಸ್ವಲ್ಪ ಹೆಚ್ಚಿದ್ದರೆ ಅಸೆಟಜೋಲಮೈಡ್ ಮಾತ್ರೆ ಕೊಡುತ್ತಾರೆ. ಬೆರಳು ತುದಿ ಜುಮುಜುಮು ಅನ್ನುತ್ತದೆ, ಬಾಯಿ ರುಚಿ ಕೆಡುತ್ತದೆ, ಕಿಡ್ನಿ ಕಲ್ಲು ಇದ್ದವರು ಹೇಳಲೇಬೇಕು. ತೂಕ ಇಳಿಸುವುದು ನಿಜವಾಗಿ ಒತ್ತಡವನ್ನೂ ಇಳಿಸುತ್ತದೆ. ಇದನ್ನು ಡಾಕ್ಟರು ಬೈಗುಳದ ಹಾಗೆ ಹೇಳಬಾರದು, ಮನೆಯವರಂತೂ ಹೇಳಲೇಬಾರದು. ಅದು ಔಷಧಿಯ ಹಾಗೇ ಚಿಕಿತ್ಸೆಯ ಒಂದು ಭಾಗ. ಇದೆಲ್ಲಕ್ಕೂ ಬಗ್ಗದಿದ್ದರೆ ಶಂಟ್. ತಲೆಯಿಂದಲೋ ಬೆನ್ನಿನಿಂದಲೋ ಹೊಟ್ಟೆಗೆ ಸಣ್ಣ ನಳಿಗೆ ಹಾಕಿ ಹೆಚ್ಚಿನ ನೀರನ್ನು ಹರಿಯಬಿಡುವುದು. ಅದು ಕಟ್ಟಿಕೊಳ್ಳಬಹುದು, ಸೋಂಕಾಗಬಹುದು, ಮತ್ತೆ ಆಪರೇಷನ್ ಬೇಕಾಗಬಹುದು. ಒತ್ತಡ ತುಂಬಾ ಜಾಸ್ತಿ ಇರುವವರಿಗೆ ಅದೇ ಕಣ್ಣು ಉಳಿಸುತ್ತದೆ. ಮಾತ್ರೆಯಲ್ಲಿ ಸರಿಹೋಗುವವರಿಗೆ ಅವಸರ ಬೇಡ.

ಎಲ್ಲಿ, ಯಾರ ಹತ್ತಿರ

ಇಎನ್‌ಟಿ ಸರ್ಜನ್ ಮತ್ತು ನ್ಯೂರೋಸರ್ಜನ್ ಇಬ್ಬರೂ ಒಂದೇ ಕಟ್ಟಡದಲ್ಲಿ, ಒಬ್ಬರ ಜೊತೆ ಒಬ್ಬರು ಮಾತಾಡಿಕೊಂಡು ಕೆಲಸ ಮಾಡುವ ಆಸ್ಪತ್ರೆ ಆರಿಸಿ. ಲಿಫ್ಟಿನ ಅಂದಕ್ಕಿಂತ ಇದು ಮುಖ್ಯ. ಕರ್ನಾಟಕದಲ್ಲಿ ತಲೆಪೆಟ್ಟಿಗೆ ಜನ ಮೊದಲು ನೆನೆಯುವುದು ಬೆಂಗಳೂರಿನ ನಿಮ್ಹಾನ್ಸ್. ಸರ್ಕಾರಿ ಮತ್ತು ಖಾಸಗಿ ಮೆಡಿಕಲ್ ಕಾಲೇಜುಗಳ ದೊಡ್ಡ ಆಸ್ಪತ್ರೆಗಳಲ್ಲೂ ಎರಡೂ ವಿಭಾಗ ಸಿಗುತ್ತವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಶೇಕಡ ಸಿಗುತ್ತದೆ, ಮಿತಿ 1.5 ಲಕ್ಷ. ನಿಮ್ಮ ಆಪರೇಷನ್ನಿಗೆ ಯಾವ ಪ್ಯಾಕೇಜು, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಅಡ್ಮಿಟ್ ಆಗುವ ಮೊದಲೇ ಕೇಳಿ.

ಸರ್ಜನ್ನರ ಮುಂದೆ ಕೂತಾಗ ಕೇಳಲೇಬೇಕಾದದ್ದು: ತೂತು ಎಲ್ಲಿದೆ, ಸ್ಕ್ಯಾನಿನಲ್ಲಿ ತೋರಿಸುತ್ತೀರಾ? ಎಷ್ಟು ದೊಡ್ಡದು? ಇದೇ ಜಾಗದ್ದನ್ನು ನೀವು ಮೊದಲು ಮುಚ್ಚಿದ್ದೀರಾ? ಮೂಗಿನಿಂದ ಆಗದಿದ್ದರೆ ಮುಂದೇನು? ಒಳ್ಳೆಯ ಸರ್ಜನ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ತೂತು ಎಲ್ಲಿ ಅನ್ನುವುದಕ್ಕೆ ಸ್ಪಷ್ಟ ಉತ್ತರ ಬರದಿದ್ದರೆ, ಎಮರ್ಜೆನ್ಸಿ ಅಲ್ಲದಿದ್ದರೆ, ಇನ್ನೊಬ್ಬರನ್ನು ಕೇಳಿ ಆಮೇಲೆ ಸಹಿ ಹಾಕಿ.

ಮನೆಗೆ ಬಂದ ಮೇಲೆ

ಮೂಗಿಗೆ ತುಂಬಿದ ಪ್ಯಾಕ್ ಕೆಲವು ದಿನ ಇರುತ್ತದೆ, ಬಾಯಲ್ಲೇ ಉಸಿರಾಟ. ಆಮೇಲೆ ನಾಲ್ಕರಿಂದ ಆರು ವಾರ ಮೂಗು ಸೀನಿ ತೆಗೆಯುವಂತಿಲ್ಲ, ತಿಣುಕುವಂತಿಲ್ಲ, ನೀರಿನ ಕೊಡ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಎತ್ತುವಂತಿಲ್ಲ. ದೇವರ ಮುಂದೆ ಉದ್ದಂಡ ನಮಸ್ಕಾರವೂ ಬೇಡ, ನಿಂತೇ ಕೈಮುಗಿಯಿರಿ. ವಿಮಾನ ಯಾವಾಗ ಹತ್ತಬಹುದು ಅನ್ನುವುದನ್ನು ನಿಮ್ಮ ಸರ್ಜನ್ನರೇ ಹೇಳಬೇಕು. ಶೀರ್ಷಾಸನ, ಸರ್ವಾಂಗಾಸನ, ಕಪಾಲಭಾತಿ ಮಾಡುವವರು ಅವರನ್ನು ಕೇಳದೆ ಶುರು ಮಾಡಬೇಡಿ. ಜಲನೇತಿ ಮತ್ತು ಮೂಗಿಗೆ ಎಣ್ಣೆ ಬಿಡುವುದು ಸೋರಿಕೆ ಇದ್ದಾಗಲೂ ಬೇಡ, ಮುಚ್ಚಿದ ಹೊಸದರಲ್ಲೂ ಬೇಡ. ಡಾಕ್ಟರೇ ಹೇಳಿಕೊಡುವ ಉಪ್ಪುನೀರಿನ ಸ್ಪ್ರೇ ಬೇರೆ, ಅದು ಅವರು ಹೇಳಿದ ದಿನದಿಂದ. ನಶ್ಯ ಏರಿಸುವ ಚಟ ಇದ್ದರೆ ಬಿಡಲು ಇದೇ ಸಮಯ. ಗೊರಕೆಗೆ ರಾತ್ರಿ ಸಿಪ್ಯಾಪ್ ಮೆಷಿನ್ ಹಾಕಿಕೊಳ್ಳುವವರು ಆಪರೇಷನ್ನಿಗೆ ಮೊದಲೇ ತಿಳಿಸಬೇಕು. ಅದರ ಗಾಳಿಯ ಒತ್ತಡ ಹೊಸ ತೇಪೆಯನ್ನು ಎಬ್ಬಿಸಬಹುದು, ತಲೆಯೊಳಗೂ ಗಾಳಿ ನುಗ್ಗಬಹುದು. ನ್ಯುಮೋಕಾಕಲ್ ಲಸಿಕೆ ಸೋರಿಕೆ ಇರುವವರಿಗೆ ಶಿಫಾರಸು ಮಾಡುವ ಲಸಿಕೆ. ಹಾಕಿಸಿಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ.

ಜ್ವರದ ಜೊತೆ ಜೋರು ತಲೆನೋವು, ಕತ್ತು ಬಿಗಿತ, ಬೆಳಕು ಕಂಡರೆ ಹಿಂಸೆ, ಮಾತು ತಡವರಿಸುವುದು, ಮಂಪರು ಕಂಡರೆ ಬೆಳಗಾಗಲಿ ಅನ್ನದೆ ಎಮರ್ಜೆನ್ಸಿಗೆ ಹೋಗಿ. ಮೂಗಿನಿಂದ ಮತ್ತೆ ತಿಳಿನೀರು ಬಂದರೆ ಒಂದು ಸ್ವಚ್ಛ ಬಾಟಲಿಯಲ್ಲಿ ಹಿಡಿದು ಮಾರನೇ ದಿನವೇ ತೋರಿಸಿ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ತೂತು ಯಾವ ಕಡೆ, ಯಾವ ಜಾಗ, ಏನು ಹಾಕಿ ಮುಚ್ಚಿದರು ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ. ಮುಂದೆ ಯಾವತ್ತೋ ಬೇರೆ ಕಾಯಿಲೆಗೆ ಯಾರಾದರೂ ಮೂಗಿನಿಂದ ಟ್ಯೂಬು ಹಾಕಲು ಬಂದರೆ ಈ ಕಾಗದ ತೋರಿಸಬೇಕಾಗುತ್ತದೆ. 2020ರಲ್ಲಿ ಅಮೆರಿಕದ ಮಹಿಳೆಯೊಬ್ಬರಿಗೆ ಕೊರೊನಾ ಪರೀಕ್ಷೆಯ ಸ್ವಾಬ್ ಹಾಕಿದ ಮೇಲೆ ಸಿಎಸ್‌ಎಫ್ ಸೋರಿತ್ತು. ಅವರ ಮೂಗಿನ ಚಾವಣಿಯಲ್ಲಿ ಮೊದಲೇ ದೋಷ ಇತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ನಿಮ್ಮದು ಗೊತ್ತಿದೆ. ಆ ಪುಟದ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಮನೆಯಲ್ಲಿ ಇನ್ನೊಬ್ಬರ ಫೋನಿಗೂ ಕಳಿಸಿ.